ಮುಂದಿನ ವರ್ಷ ಅನ್ನಬೇಡ, ಪುಟ್ಟಿ

ಪುಟ್ಟಿ,

ನಿನ್ನೆ ಫೋನಿನಲ್ಲಿ ಏನೇನು ಮಾತಾಯಿತೋ ಇಬ್ಬರಿಗೂ ಗೊತ್ತು, ಮತ್ತೆ ಬರೆಯುವುದಿಲ್ಲ. ದನಿ ಏರಿಸಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಆದರೆ "ಅಮ್ಮನ ಮಂಡಿ ಆಪರೇಷನ್ ಆಗಲಿ, ಗ್ಯಾಲ್ವೆಸ್ಟನ್‌ಗೆ ಮುಂದಿನ ವರ್ಷ ಹೋದರಾಯಿತು" ಅಂದೆಯಲ್ಲ, ಆ "ಮುಂದಿನ ವರ್ಷ" ಕೇಳಿದ ಮೇಲೆ ನನಗೆ ನಿದ್ದೆ ಹತ್ತಲಿಲ್ಲ.

ನೀನು ಲ್ಯಾಬಿಗೆ ಅಂತ ಹೋಗುವ ಊರಿನ, ಅಮೆರಿಕದ ಟೆಕ್ಸಾಸ್ ಕಡಲಂಚಿನ ಆ ಗ್ಯಾಲ್ವೆಸ್ಟನ್ ದ್ವೀಪದ ಬಗ್ಗೆ ಓದುತ್ತಾ ಕೂತಿದ್ದೇನೆ. ರಿಟೈರ್ ಆದ ಸಮಾಜ ಮೇಷ್ಟ್ರಿಗೆ ಇನ್ನೇನು ಕೆಲಸ? ಅಲ್ಲಿ ಸಿಕ್ಕವನು ಕಬೇಸಾ ದೆ ವಾಕಾ. ಫ್ಲಾರಿಡಾ ಗೆಲ್ಲಲು ಸ್ಪೇನಿನಿಂದ ಹೊರಟ ನಾರ್ವಾಯೆಸ್‌ನ ದಂಡಿನಲ್ಲಿ ಖಜಾಂಚಿ. ದಂಡು ದಿಕ್ಕೆಟ್ಟಿತು. ಕುದುರೆ ಕೊಂದು ತಿಂದರು, ಅಂಗಿ ಹೊಲಿದು ಹಾಯಿ ಮಾಡಿದರು, ರಿಕಾಪು ಕರಗಿಸಿ ಮೊಳೆ ಮಾಡಿದರು, ಐದು ದೋಣಿ ಕಟ್ಟಿದರು. 1528ರ ನವೆಂಬರಿನಲ್ಲಿ ಅಲೆ ಅವನನ್ನು ತಂದು ಎಸೆದದ್ದು ಗ್ಯಾಲ್ವೆಸ್ಟನ್‌ಗೋ ಅದರ ಪಕ್ಕದ ದ್ವೀಪಕ್ಕೋ. ಬಟ್ಟೆಯಿಲ್ಲದೆ ನಡುಗುತ್ತಿದ್ದವರನ್ನು ಕಂಡು ದ್ವೀಪದ ಜನ ಪಕ್ಕದಲ್ಲೇ ಕೂತು ಅರ್ಧ ಗಂಟೆ ಗೋಳೋ ಅಂತ ಅತ್ತರಂತೆ. ಆಮೇಲೆ ದಾರಿಯಲ್ಲಿ ನಾಲ್ಕೈದು ಕಡೆ ಬೆಂಕಿ ಹಾಕಿ, ಒಂದೊಂದರ ಹತ್ತಿರವೂ ಮೈ ಕಾಯಿಸಿ, ಮನೆಗೆ ಕರೆದುಕೊಂಡು ಹೋದರು.

ನನ್ನನ್ನು ಕಾಡುತ್ತಿರುವುದು ಮಾತ್ರ ಲೋಪೆ ದೆ ಒವಿಯೆದೊ ಅನ್ನುವ ಇನ್ನೊಬ್ಬ. ದಡ ಸೇರಿದ ಸುಮಾರು 80 ಮಂದಿಯಲ್ಲಿ ಚಳಿಗಾಲ ದಾಟಿದ್ದು 15 ಜನ. ಕಬೇಸಾ ದೆ ವಾಕಾ ಆಚೆಯ ದಡಕ್ಕೆ ತಪ್ಪಿಸಿಕೊಂಡು ಹೋಗಿ ವ್ಯಾಪಾರಕ್ಕಿಳಿದ. ಕಡಲ ಚಿಪ್ಪು ಒಳನಾಡಿಗೆ ಹೊತ್ತೊಯ್ಯುವುದು, ಚರ್ಮ, ಕೆಮ್ಮಣ್ಣು, ಬಾಣದ ಮೊನೆಗೆ ಬೇಕಾದ ಕಲ್ಲು ತರುವುದು. ದಾರಿ ಗೊತ್ತಾಯಿತು, ಕಾಲಲ್ಲಿ ಶಕ್ತಿ ಇತ್ತು, ಹೊರಟುಬಿಡಬಹುದಿತ್ತು. ಆದರೆ ಒವಿಯೆದೊ ದ್ವೀಪದಲ್ಲೇ ಉಳಿದಿದ್ದ. ಇವನು ಪ್ರತಿ ವರ್ಷ ಹೋಗಿ ಕರೆಯುವುದು, ಅವನು ಮುಂದಿನ ವರ್ಷ ಅನ್ನುವುದು. ಹಾಗೇ ವರ್ಷಗಳು ಕಳೆದವು. ಕೊನೆಗೂ ಹೊರಟ. ಅವನಿಗೆ ಈಜು ಬಾರದು. ಕಡಲ ಹಿನ್ನೀರು, ನಾಲ್ಕು ನದಿ, ಎಲ್ಲವನ್ನೂ ಇವನೇ ದಾಟಿಸಿದ. ಅಲ್ಲಿ ಬೇರೆ ಜನ ಎದೆಗೆ ಬಾಣ ಹಿಡಿದು ಹೆದರಿಸಿದರು. ಒವಿಯೆದೊ ವಾಪಸ್ ಹೋಗ್ತೀನಿ ಅಂದ. ಇವನು ಎಷ್ಟು ಬೇಡಿಕೊಂಡರೂ ಕೇಳಲಿಲ್ಲ, ಹೋಗಿಯೇಬಿಟ್ಟ. ಅಲ್ಲಿಗೆ ಅವನ ಸುದ್ದಿ ಮುಗಿಯಿತು. ಅವನು ಹೋದ ಎರಡೇ ದಿನಕ್ಕೆ, ಅದೇ ದಂಡಿನಲ್ಲಿ ಬದುಕುಳಿದಿದ್ದ ಕಾಸ್ತಿಯೋ, ದೊರಾಂತೆಸ್, ಮೊರಾಕೊದ ಗುಲಾಮ ಎಸ್ತೆವಾನಿಕೊ ಇವನಿಗೆ ಸಿಕ್ಕಿದರು. ಎರಡೇ ದಿನ, ಪುಟ್ಟಿ!

ಒವಿಯೆದೊ ಕೆಟ್ಟವನಲ್ಲ. ಹೆದರಿದ, ಅಷ್ಟೆ. ಈಜು ನನಗೂ ಬಾರದು. ನಾನೂ ನಿಮ್ಮಮ್ಮನೂ ನಿನ್ನ ಪಾಲಿಗೆ ಒವಿಯೆದೊ ಆಗಿಬಿಡುತ್ತೇವೇನೋ ಅನ್ನೋದೇ ನನ್ನ ಭಯ. ಈ ವರ್ಷ ಮಂಡಿ, ಮುಂದಿನ ವರ್ಷ ನನ್ನ ಬಿಪಿ, ಆಮೇಲೆ ಮನೆಯ ಸೂರು. ನಮ್ಮಂಥವರಿಗೆ ಕಾರಣಗಳಿಗೇನು ಬರವೇ?

ಇನ್ನೊಂದು ಮಾತು. ಪಾಠ ಶುರುವಾಯಿತು ಅಂತ ನಗಬೇಡ. ಅತ್ತು ಕರೆದುಕೊಂಡು ಹೋದ ಆ ಜನರಲ್ಲಿ ಅರ್ಧದಷ್ಟು ಮಂದಿ ಆ ಚಳಿಗಾಲದಲ್ಲೇ ಹೊಟ್ಟೆಯ ಕಾಯಿಲೆಗೆ ಸತ್ತರು. ನೀನು ಹೋಗುತ್ತಿರುವುದು ಸೋಂಕು ರೋಗದ ಲ್ಯಾಬಿಗೆ, ಅದಕ್ಕೇ ಹೇಳಿದೆ. ನಾಲ್ವರೂ ನಡೆದು ನಡೆದು 1536ರಲ್ಲಿ ಮೆಕ್ಸಿಕೊ ಕಡೆಯ ಸ್ಪೇನಿನವರನ್ನು ಮುಟ್ಟಿದರು. ಆ ಸ್ಪೇನಿನವರೋ, ಇವರ ಜೊತೆ ಬಂದಿದ್ದ ಜನರನ್ನೇ ಹಿಡಿದು ಗುಲಾಮರನ್ನಾಗಿ ಮಾಡಲು ನೋಡಿದರು. ಕಬೇಸಾ ದೆ ವಾಕಾ ಅವರ ಜೊತೆ ಜಗಳಕ್ಕೆ ನಿಂತ. ಆದರೂ ಇವರು ತಂದ ಸುದ್ದಿ ಕೇಳಿಯೇ 1540ರಲ್ಲಿ ಕೊರೊನಾದೊ ಅನ್ನುವ ಸ್ಪೇನಿನವನು ದಂಡು ಕಟ್ಟಿಕೊಂಡು ಉತ್ತರಕ್ಕೆ ಹೊರಟ. ಮುಂದೆ ಕಬೇಸಾ ದೆ ವಾಕಾನೇ ಪರಗ್ವಾಯ್ ಕಡೆಗೆ ಗವರ್ನರ್ ಆಗಿ ಹೋಗಿ, ಅಲ್ಲೂ ಯುದ್ಧ ಮಾಡಿದ. ಕೊನೆಗೆ ತನ್ನವರೇ ಬೇಡಿ ಹಾಕಿ ಸ್ಪೇನಿಗೆ ಸಾಗಿಸಿದರು. ಒಳ್ಳೆಯವನೋ ಕೆಟ್ಟವನೋ, ಕ್ಲಾಸಿನಲ್ಲಾದರೆ ಏನೋ ಒಂದು ಹೇಳಿ ಮುಗಿಸುತ್ತಿದ್ದೆ. ಈಗ ಆಗುವುದಿಲ್ಲ.

ನೀನು ಆ ಲ್ಯಾಬಿಗೆ ಆಯ್ಕೆಯಾದದ್ದನ್ನು ಓಣಿಗೆಲ್ಲ ಹೇಳಿಕೊಂಡು ಬಂದಿದ್ದೇನೆ. ನಿನ್ನ ಮುಂದೆ ಮಾತ್ರ ಬಾಯಿ ಬರಲಿಲ್ಲ.

ಆಪರೇಷನ್‌ಗೆ ಚಿಕ್ಕಮ್ಮ ಬರುತ್ತಾಳೆ, ಮಾತಾಡಿದ್ದೇನೆ. ಅಲ್ಲಿ ಬಿರುಗಾಳಿ ಜಾಸ್ತಿ, ಜಾಗ ಖಾಲಿ ಮಾಡಿ ಅಂದರೆ ಸುಮ್ನೆ ಧೈರ್ಯ ತೋರಿಸದೆ ಹೊರಡು. ಟಿಕೆಟ್ ಕ್ಯಾನ್ಸಲ್ ಮಾಡಿದ್ದರೆ ಇವತ್ತೇ ಮತ್ತೆ ಮಾಡಿಸು, ದುಡ್ಡು ಹಾಕುತ್ತೇನೆ. ಆಮೇಲೆ ಫೋನ್ ಮಾಡು. ಮೊದಲು ಅಮ್ಮನ ಹತ್ತಿರ ಮಾತಾಡು. ನಿನ್ನೆಯ ಜಗಳಕ್ಕೆ ಅವಳು ನನ್ನ ಮೇಲೆ ಇನ್ನೂ ಕೋಪದಲ್ಲೇ ಇದ್ದಾಳೆ.

ಅಪ್ಪ