ಮುರಿದ ಕೈ, ಎಂಸೀಲ್ ಸೊಂಡ್ಲು

ಅಮ್ಮ, ಅಪ್ಪಾಜಿ, ಪುಟ್ಟಿ,

ಎಲ್ರೂ ಆರಾಮಾ? ನಾನು ಆರಾಮಿದೀನಿ. ಮ್ಯೂನಿಕ್‌ನಲ್ಲಿ ಚಳಿ ಇನ್ನೂ ಬಿಟ್ಟಿಲ್ಲ, ಅಮ್ಮ ನೀನು ಕಟ್ಟಿಕೊಟ್ಟ ಚಟ್ನಿಪುಡಿ ಡಬ್ಬಿ ತಳ ಕಾಣ್ತಿದೆ, ಅದು ಬಿಟ್ರೆ ಬೇರೆ ಕಷ್ಟ ಏನಿಲ್ಲ. ಫೋನಲ್ಲಿ ಏನಾದ್ರೂ ಹೇಳೋಕೆ ಹೋದ್ರೆ ಮಧ್ಯದಲ್ಲಿ "ಊಟ ಆಯ್ತಾ" ಅಂತ ಕೇಳ್ತೀಯ, ಅದಕ್ಕೇ ಈ ಸಲ ಕೂತು ಬರೀತಿದೀನಿ.

ಇಲ್ಲಿ ಭಾನುವಾರ ಅಂಗಡಿ ಎಲ್ಲ ಬಂದ್. ಆದ್ರೆ ಗ್ಲಿಪ್ಟೊಥೆಕ್ ಅಂತ ಒಂದು ಮ್ಯೂಸಿಯಂ ಇದೆ, ಭಾನುವಾರ ಬರೀ ಒಂದು ಯೂರೋ ಟಿಕೆಟ್ಟು, ಸುಮ್ನೆ ರೂಮಲ್ಲಿ ಬಿದ್ಕೊಳ್ಳೋ ಬದಲು ಹೋಗೋಣ ಅಂತ ಹೋಗಿದ್ದು, ಈಗ ಮೂರು ಸಲ ಆಯ್ತು. ಹಳೇ ಗ್ರೀಕ್, ರೋಮನ್ ಶಿಲ್ಪ ಬಿಟ್ರೆ ಅಲ್ಲಿ ಬೇರೆ ಏನೂ ಇಲ್ಲ. ಇಲ್ಲಿನ ರಾಜ ಲುಡ್ವಿಗ್ ಕಟ್ಟಿಸಿ 1830ರಲ್ಲಿ ಶುರು ಮಾಡಿದ್ದಂತೆ. ಮೊದಲನೇ ಸಲ ನಂಗೇನೂ ತಲೆಗೆ ಹೋಗ್ಲಿಲ್ಲ, ಎಲ್ಲ ಒಂದೇ ಥರ ಬಿಳಿ ಕಲ್ಲು, ಅರ್ಧಕ್ಕರ್ಧ ಬಟ್ಟೆನೂ ಇಲ್ಲ, ಅಮ್ಮ ನೀನಿದ್ದಿದ್ರೆ ಐದು ನಿಮಿಷಕ್ಕೆ ಹೊರಗೆ ಕರ್ಕೊಂಡು ಬಂದಿರ್ತಿದ್ದೆ. ಎರಡನೇ ಸಲ ಅಲ್ಲಿ ಒಬ್ರು ವಯಸ್ಸಾದ ಮೇಡಂ ಇಂಗ್ಲಿಷಲ್ಲಿ ವಿವರಿಸ್ತಾ ಇದ್ರು, ಅವರ ಹಿಂದೆನೇ ಸುತ್ತಿದೆ.

ಗ್ರೀಸ್‌ನಲ್ಲಿ ಏಜಿನಾ ಅಂತ ಒಂದು ದ್ವೀಪ, ಅಲ್ಲಿ ಅಫಾಯಾ ಅನ್ನೋ ದೇವಿ ಗುಡಿ. ಗುಡಿಯ ಮುಂದೆ ಹಿಂದೆ ಮಾಡಿನ ಕೆಳಗೆ ತ್ರಿಕೋನದಲ್ಲಿ ಜಾಗ ಇರುತ್ತಲ್ಲ, ಅಲ್ಲಿ ಗ್ರೀಕ್ ಪುರಾಣದ ಟ್ರಾಯ್ ಯುದ್ಧದ ಸೈನಿಕರ ಮೂರ್ತಿಗಳನ್ನ ನಿಲ್ಲಿಸಿದ್ರು, ಕ್ರಿಸ್ತಪೂರ್ವ 500ರ ಆಸುಪಾಸಿನವು, ಅವೇ ಈಗ ಈ ಮ್ಯೂಸಿಯಂನಲ್ಲಿರೋದು. ನಡುವೆ ಅಥೀನಾ ದೇವಿ ಎದ್ದು ನಿಂತಿದಾಳೆ, ಮೂಲೆಗೆ ಹೋದಂಗೆ ಜಾಗ ಕಮ್ಮಿ ಅಲ್ವಾ, ಅದಕ್ಕೆ ಅಲ್ಲಿರೋರು ಮಂಡಿ ಊರಿದಾರೆ, ಪೂರ್ತಿ ಮೂಲೇಲಿ ಸಾಯ್ತಾ ಇರೋರು ಮಲಗಿದಾರೆ. ಒಳ್ಳೇ ಉಪಾಯ! ಪಶ್ಚಿಮದ ಕಡೆ ಮೂಲೇಲಿ ಒಬ್ಬ ಎದೆಗೆ ಬಿದ್ದ ಬಾಣ ಕೀಳ್ತಿದಾನೆ (ಬಾಣ ಈಗಿಲ್ಲ, ಕೈ ಮಾತ್ರ ಹಂಗೇ ಇದೆ), ಆದ್ರೆ ನಮ್ಮ ಕಡೆ ನೋಡ್ಕೊಂಡು ನಗ್ತಿದಾನೆ, ಫೋಟೋಗೆ ಕೂತಂಗೆ. ಆ ಕಾಲದಲ್ಲಿ ಮುಖ ಅಂದ್ರೆ ನಗು ಇರ್ಲೇಬೇಕಿತ್ತಂತೆ. ಪೂರ್ವದ ಕಡೆಯವನು ಅದಾಗಿ ಹತ್ತಿಪ್ಪತ್ತು ವರ್ಷಕ್ಕೆ ಮಾಡಿದ್ದು ಅಷ್ಟೇ, ಅವನು ಗುರಾಣಿ ಮೇಲೆ ಭಾರ ಬಿಟ್ಟು ಕುಸೀತಿದಾನೆ, ಮುಖ ನೆಲದ ಕಡೆ, ನಮ್ಮನ್ನ ನೋಡೋದೇ ಇಲ್ಲ. ಒಂದೇ ಗುಡಿ, ಹೆಚ್ಚುಕಮ್ಮಿ ಒಂದು ತಲೆಮಾರಿನ ಅಂತರದಲ್ಲಿ ಸಾವನ್ನ ನೋಡೋ ರೀತಿನೇ ಬದಲಾಗೋಯ್ತು. ನಾನು ಇವನ ಮುಂದೆ ಅರ್ಧ ಗಂಟೆ ಕೂತಿದ್ದೆ, ಕಾಲು ಜೋಮು ಹಿಡೀತು.

ಅಪ್ಪಾಜಿ, ಈಗ ನಿಮ್ಮ ವಿಷಯ. ಶೋಕೇಸಲ್ಲಿರೋ ಮಣ್ಣಿನ ಆನೆ ನೆನಪಿದೆಯಲ್ಲ, ನಾನು ಬಾಲ್ ಹೊಡೆದು ಸೊಂಡ್ಲು ಮುರಿದಿದ್ದು, ನೀವು ರಾತ್ರಿ ಕೂತು ಎಂಸೀಲ್ ಕಲಸಿ ಹೊಸ ಸೊಂಡ್ಲು ಮಾಡಿದ್ರಿ, ಮೊದ್ಲು ಕೆಳಗಿತ್ತು, ನೀವು ಮೇಲಕ್ಕೆ ಎತ್ತಿಬಿಟ್ರಿ, ಅಮ್ಮ "ಇದೇನು ಆಶೀರ್ವಾದ ಮಾಡ್ತಿದೆಯಾ" ಅಂತ ನಕ್ಕಿದ್ಲು. ಇಲ್ಲೂ ಅದೇ ಆಗಿದೆ! 1811ರಲ್ಲಿ ಈ ಮೂರ್ತಿಗಳು ಸಿಕ್ಕಾಗ ಕೈಕಾಲು ಮುರಿದಿದ್ವು, ಲುಡ್ವಿಗ್ ಮರುವರ್ಷ ಹರಾಜಲ್ಲಿ ಕೊಂಡ, ಆಮೇಲೆ ಥೋರ್‌ವಾಲ್ಡ್‌ಸನ್ ಅನ್ನೋ ಡೆನ್ಮಾರ್ಕಿನ ದೊಡ್ಡ ಶಿಲ್ಪಿ ರೋಮ್‌ನಲ್ಲಿ ಕೂತು ಹೊಸ ಅಮೃತಶಿಲೆಯಲ್ಲಿ ಕೈ, ಕಾಲು, ತಲೆ ಎಲ್ಲ ಮಾಡಿ ಜೋಡಿಸಿದ. ಕೆಲವಕ್ಕೆ ಭಂಗಿನೇ ತಪ್ಪಾಗಿತ್ತು. 1960ರ ದಶಕದಲ್ಲಿ ಮ್ಯೂಸಿಯಂನವರು ಅವನು ಜೋಡಿಸಿದ್ದನ್ನೆಲ್ಲ ಬಿಚ್ಚಿ ತೆಗೆದ್ರು. ಹಂಗಾಗಿ ಈಗ ಕಾಣೋದು ಮೊಂಡು ಕೈ, ತಲೆ ಇಲ್ದಿರೋ ಮೈ, ಎತ್ತಿ ನಿಲ್ಸೋಕೆ ಕಬ್ಬಿಣದ ಸರಳು. ಅವನ ಕೆಲಸನೂ ಇತಿಹಾಸನೇ, ತೆಗೀಬಾರದಿತ್ತು ಅನ್ನೋರು ಇನ್ನೂ ಇದಾರಂತೆ. ನಂಗೆ ಮುರಿದಂಗೇ ಚೆನ್ನಾಗಿ ಕಂಡ್ವು, ಆದ್ರೂ ಆ ಶಿಲ್ಪಿ ಬಗ್ಗೆ ಪಾಪ ಅನಿಸ್ತು.

ಇನ್ನೊಂದು, ಇವೆಲ್ಲ ಬಿಳಿ ಇರ್ಲೇ ಇಲ್ವಂತೆ! ಕೆಂಪು, ನೀಲಿ, ಹಸಿರು ಬಣ್ಣ ಬಳಿದಿದ್ರು. ಬಣ್ಣ ಇದ್ದ ಕಡೆ ಕಲ್ಲು ಕಮ್ಮಿ ಸವೆದಿದೆ, ಓರೆಯಾಗಿ ಲೈಟ್ ಬಿಟ್ರೆ ಹಳೇ ಡಿಸೈನ್ ಕಾಣುತ್ತೆ. ಬ್ರಿಂಕ್‌ಮನ್ ಅನ್ನೋ ವಿದ್ವಾಂಸರು ಹಂಗೆ ಹುಡುಕಿ ಬಣ್ಣದ ನಕಲು ಮಾಡಿಸಿದ್ರು, 2003ರಲ್ಲಿ ಇಲ್ಲೇ ಪ್ರದರ್ಶನಕ್ಕೂ ಇಟ್ಟಿದ್ರು. ಅದರ ಫೋಟೋ ನೋಡಿದೆ, ಒಬ್ಬ ಬಿಲ್ಲುಗಾರ ಮೈತುಂಬ ಬಣ್ಣಬಣ್ಣದ ಚೌಕಳಿ ಡಿಸೈನ್ ಬಟ್ಟೆ ಹಾಕ್ಕೊಂಡಿದಾನೆ, ನೋಡಿದ ತಕ್ಷಣ ನಮ್ಮ ಗುಡಿ ಗೋಪುರಗಳೇ ಕಣ್ಣಿಗೆ ಬಂದ್ವು. ಅಮ್ಮಂಗೆ ಇದು ಖಂಡಿತ ಇಷ್ಟ ಆಗುತ್ತೆ.

ರೋಮನ್ನರ ಹಾಲ್‌ನಲ್ಲಿ ಬರೀ ತಲೆಗಳು, ಕಂಬದ ಮೇಲೆ ಸಾಲಾಗಿ, ಸುಕ್ಕು ಬಿದ್ದಿದ್ದು, ಬೊಕ್ಕ ತಲೆ, ಯಾವುದನ್ನೂ ಮುಚ್ಚಿಟ್ಟಿಲ್ಲ, ತಾಲೂಕು ಆಫೀಸಿನ ಕ್ಯೂ ನೋಡಿದಂಗೆ. ಓಕ್ ಎಲೆ ಕಿರೀಟದ ಆಗಸ್ಟಸ್ ಚಕ್ರವರ್ತಿ ತಲೆನೂ ಇದೆ. ಪುಟ್ಟಿ, ನಮ್ಮ ಚಂದ್ರವಳ್ಳಿಯಲ್ಲಿ ಅಗೆದಾಗ ಸಿಕ್ಕ ರೋಮನ್ ಬೆಳ್ಳಿ ನಾಣ್ಯಗಳಲ್ಲಿ ಇವನ ಕಾಲದವೂ ಇವೆ, ಅಂದ್ರೆ ಈ ಮುಖ ದುರ್ಗಕ್ಕೆ ನನಗಿಂತ ಮೊದ್ಲೇ ಬಂದಿತ್ತು! ನಾವು ಸ್ಕೂಲಿಂದ ಪಿಕ್ನಿಕ್ ಹೋಗಿ ಪುಳಿಯೋಗರೆ ತಿಂದು ವಾಪಸ್ ಬಂದ್ವಿ ಅಷ್ಟೇ.

ಕರೆಂಟ್ ಬಿಲ್ ಕಟ್ಟಿದೀನಿ ಅಪ್ಪಾಜಿ, ಮೆಸೇಜ್ ಬಂದಿರುತ್ತೆ ನೋಡಿ. ಯುಗಾದಿಗೆ ಸುಣ್ಣಬಣ್ಣ ಮಾಡಿಸ್ತೀವಿ ಅಂದ್ರಲ್ಲ, ಶೋಕೇಸ್ ಖಾಲಿ ಮಾಡುವಾಗ ಆ ಆನೆ ಹುಷಾರು. ಸೊಂಡ್ಲು ಮೇಲಕ್ಕೇ ಇರ್ಲಿ.

ನಿಮ್ಮ,
ಮಗ