ಲ್ಯಾಬ್ ರೆಕಾರ್ಡಿನ ಆ ಒಂದು ಸಾಲು

ಮಾನ್ಯ ಸಂಪಾದಕರೇ,

ಎಂಜಿನಿಯರಿಂಗ್ ಮೊದಲ ವರ್ಷದಲ್ಲಿರುವ ನನ್ನ ಮಗಳ ಸಿ ಪ್ರೋಗ್ರಾಮಿಂಗ್ ಲ್ಯಾಬ್ ರೆಕಾರ್ಡನ್ನು ಮೊನ್ನೆ ತಿರುವಿ ಹಾಕುತ್ತಿದ್ದಾಗ, ಅರೇಯ (ಅಂಕಿಗಳನ್ನು ಸಾಲಾಗಿ ಇಡುವ ಮೆಮೊರಿ ಜಾಗ) ಗಾತ್ರವನ್ನು ಹಿಗ್ಗಿಸುವ ಪ್ರೋಗ್ರಾಮಿನ ಒಂದು ಸಾಲು ಕಣ್ಣಿಗೆ ಬಿತ್ತು. ಮೆಮೊರಿಯಲ್ಲಿ ಜಾಗ ಒದಗಿಸುವ ಮ್ಯಾಲಾಕ್ ಫಂಕ್ಷನ್ ಕೊಟ್ಟ ಜಾಗದ ವಿಳಾಸ ಯಾವ ಪಾಯಿಂಟರಿನಲ್ಲಿ (ವಿಳಾಸವನ್ನು ಹಿಡಿದಿಡುವ ವೇರಿಯಬಲ್) ಇತ್ತೋ ಅದಕ್ಕೇ, ಆ ಜಾಗದ ಗಾತ್ರ ಬದಲಿಸುವ ರಿಅಲಾಕ್ ಫಂಕ್ಷನ್ ಹಿಂದಿರುಗಿಸುವ ವಿಳಾಸವನ್ನೂ ನೇರವಾಗಿ ತುಂಬಲಾಗಿತ್ತು. ಪಕ್ಕದಲ್ಲಿ ಕೆಂಪು ಶಾಯಿಯ ರೈಟ್ ಗುರುತು, ಹತ್ತಕ್ಕೆ ಹತ್ತು ಅಂಕ.

ಕೇಳಿದಷ್ಟು ಜಾಗ ಸಿಗದಿದ್ದರೆ ರಿಅಲಾಕ್ ನಲ್ (ಯಾವ ಜಾಗವನ್ನೂ ತೋರಿಸದ ಖಾಲಿ ವಿಳಾಸ) ಕೊಡುತ್ತದೆ, ಹಳೆಯ ಜಾಗವನ್ನು ಮಾತ್ರ ಮುಟ್ಟದೆ ಹಾಗೆಯೇ ಬಿಡುತ್ತದೆ. ಆದರೆ ಮೇಲಿನಂತೆ ಬರೆದರೆ ಆ ಜಾಗದ ಏಕೈಕ ವಿಳಾಸವನ್ನು ನಲ್ ಅಳಿಸಿಹಾಕುವುದರಿಂದ, ಅದರೊಳಗಿನ ಅಂಕಿಗಳನ್ನು ಓದಲೂ ಆಗದು, ಜಾಗವನ್ನು ಫ್ರೀ ಮಾಡಿ ಬಿಟ್ಟುಕೊಡಲೂ ಆಗದು. ಬೇರೊಂದು ಪಾಯಿಂಟರಿನಲ್ಲಿ ಫಲಿತಾಂಶವನ್ನು ಹಿಡಿದು, ನಲ್ ಅಲ್ಲವೆಂದು ಖಚಿತಪಡಿಸಿಕೊಂಡ ಮೇಲೆ ಮೂಲ ಪಾಯಿಂಟರಿಗೆ ವರ್ಗಾಯಿಸಲು ಹೆಚ್ಚೆಂದರೆ ಎರಡು ಮೂರು ಸಾಲು ಬೇಕು.

ಇನ್ನೊಂದು ದೋಷ ಇದಕ್ಕಿಂತ ಕಪಟಿ. ಅದೇ ಪ್ರೋಗ್ರಾಮಿನಲ್ಲಿ ಮೂರನೆಯ ಅಂಕಿಯ ವಿಳಾಸವನ್ನು ಮೊದಲೇ ತೆಗೆದಿಟ್ಟುಕೊಂಡು, ಅರೇ ಹಿಗ್ಗಿದ ನಂತರವೂ ಅದನ್ನೇ ಬಳಸಲಾಗಿದೆ. ಪಕ್ಕದಲ್ಲಿ ಜಾಗ ಖಾಲಿಯಿಲ್ಲದಿದ್ದರೆ ರಿಅಲಾಕ್ ಇಡೀ ಅರೇಯನ್ನು ಬೇರೆಡೆಗೆ ನಕಲು ಮಾಡಿ ಹಳೆಯದನ್ನು ಬಿಟ್ಟುಕೊಡುವುದರಿಂದ, ಆ ವಿಳಾಸಕ್ಕೆ ಮತ್ತೆ ಬೆಲೆಯಿಲ್ಲ. ಲ್ಯಾಬಿನಲ್ಲಿ ಐದಾರು ಅಂಕಿ ಕೊಟ್ಟು ನೋಡುವಾಗ ಅರೇ ಸಾಮಾನ್ಯವಾಗಿ ಇದ್ದಲ್ಲೇ ಹಿಗ್ಗುತ್ತದೆ, ಉತ್ತರವೂ ಸರಿ ಬರುತ್ತದೆ. ಮಗಳು ಈ ಬಗ್ಗೆ ಅಧ್ಯಾಪಕರನ್ನು ಕೇಳಿದಾಗ ದೊರೆತ ಉತ್ತರವೂ ಇಷ್ಟೇ: ‘ಔಟ್‌ಪುಟ್ ಬಂದಿದೆಯಲ್ಲ?’ ವಿಳಾಸದ ಬದಲು ಇಂಡೆಕ್ಸ್ (ಅರೇಯೊಳಗಿನ ಕ್ರಮಸಂಖ್ಯೆ) ಇಟ್ಟುಕೊಂಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಪ್ರತಿ ಅಂಕಿಗೂ ಒಂದೊಂದೇ ಸ್ಥಾನ ಹಿಗ್ಗಿಸುವ ರೂಢಿಯನ್ನೂ ಬಿಡಿಸಬೇಕಿದೆ. ಪ್ರತಿ ಸಲ ಅರೇ ಜಾಗ ಬದಲಿಸಿದರೆ ಸಾವಿರ ಅಂಕಿ ತುಂಬುವಷ್ಟರಲ್ಲಿ 4,99,500 ನಕಲುಗಳಾಗುತ್ತವೆ. ಒಂದರಿಂದ ಆರಂಭಿಸಿ ತುಂಬಿದಾಗಲೆಲ್ಲ ದುಪ್ಪಟ್ಟು ಮಾಡುತ್ತ ಹೋದರೆ 1,023 ಮಾತ್ರ.

ಈ ಪ್ರೋಗ್ರಾಮನ್ನು ಜಿಸಿಸಿ ಎಂಬ ಸಿ ಕಂಪೈಲರಿನ ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿ ಬಳಕೆಯ ತಪ್ಪು ಹಿಡಿಯುವ ಸಾಧನ) ಸಮೇತ ಕಂಪೈಲ್ ಮಾಡಿ ಓಡಿಸಿದರೆ, ಬಿಟ್ಟುಕೊಟ್ಟ ಜಾಗವನ್ನು ಮುಟ್ಟಿದೊಡನೆ ಅದು ದೋಷವನ್ನು ವರದಿ ಮಾಡಿ ನಿಲ್ಲುತ್ತದೆ. ಲ್ಯಾಬ್ ಪರೀಕ್ಷೆಯ ಅಂಕ ಹಾಕುವ ಮುನ್ನ ಪರೀಕ್ಷಕರು ಒಮ್ಮೆ ಹಾಗೆ ಓಡಿಸಿ ನೋಡಬೇಕೆಂದೂ, ವೈವಾದಲ್ಲಿ ‘ರಿಅಲಾಕ್ ನಲ್ ಕೊಟ್ಟರೆ ಮುಂದೇನು’ ಎಂದು ಕೇಳಬೇಕೆಂದೂ ನಿಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

– ಓರ್ವ ತಂತ್ರಾಂಶ ಎಂಜಿನಿಯರ್, ಮೈಸೂರು