ಮೂಗರ್ಜಿ ಬೇಡ, ಪುಟ್ಟಿ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದ.

ನಿನ್ನ ಮೆಸೇಜು ನಿನ್ನೆ ರಾತ್ರಿ ಹನ್ನೊಂದೂವರೆಗೆ ಬಂದಿತ್ತು. ಬೆಳಿಗ್ಗೆ ಎದ್ದು ಮೂರು ಸಲ ಓದಿದೆ. ಫೋನಿನಲ್ಲಾದರೆ ನೀನು ಮಧ್ಯೆ ಬಾಯಿ ಹಾಕುತ್ತೀಯ, ನಾನೂ ಹಾಕುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಕೋರ್ಟ್ ಮುಗಿಸಿ ಮನೆಗೆ ಬಂದು, ಕೈಕಾಲು ತೊಳೆದುಕೊಂಡು, ನಿಧಾನವಾಗಿ ಓದು.

ನಿನ್ನ ಹಳೆಯ ಸೀನಿಯರ್ ಹೆಸರು ಹೈಕೋರ್ಟ್ ಜಡ್ಜ್ ಹುದ್ದೆಗೆ ಹೋಗುತ್ತಿದೆ ಅಂತ ಬಾರ್‌ನಲ್ಲೆಲ್ಲ ಮಾತು. ಅದನ್ನು ಕೇಳಿದಾಗಿನಿಂದ ನಿನಗೆ ನಿದ್ದೆ ಇಲ್ಲ. ನೀನು ಎರಡನೇ ವರ್ಷದ ಜೂನಿಯರ್ ಆಗಿದ್ದಾಗ ನಡೆದದ್ದು. ಮಾಗಡಿ ಕಡೆಯ ಒಬ್ಬ ತಾಯಿ, ಆಕ್ಸಿಡೆಂಟಿನಲ್ಲಿ ಹೋದ ಮಗ, ಎಂವಿಸಿ ಕೇಸಿನ (ವಾಹನ ಅಪಘಾತದ ಕೇಸಿನ) ಪರಿಹಾರ. ದುಡ್ಡು ಬ್ಯಾಂಕಿಗೆ ಬೀಳುವ ಮೊದಲೇ ನಿನ್ನ ಸೀನಿಯರ್ ಆಕೆಯಿಂದ ಖಾಲಿ ಚೆಕ್ಕಿಗೆ ಸಹಿ ಹಾಕಿಸಿದರು. ಆಕೆಗೆ ಬರೆಯಲು ಬರುತ್ತಿದ್ದದ್ದೇ ತನ್ನ ಹೆಸರಿನ ಅಕ್ಷರಗಳು. ಚೆಕ್ ಬುಕ್ ಅಲುಗದ ಹಾಗೆ ಹಿಡಿದುಕೊಂಡಿದ್ದವಳು ನೀನು. ಆಮೇಲೆ ಆರು ತಿಂಗಳು ಆಕೆ ಆಫೀಸಿನ ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು.

ಸುಮ್ನೆ ಇರಲಾ, ಇಲ್ಲ ಹೆಸರು ಹಾಕದೆ ಒಂದು ಅರ್ಜಿ ಕಳಿಸಲಾ ಅಂತ ಕೇಳಿದ್ದೀಯ. ಮೂಗರ್ಜಿ ಬೇಡ, ಪುಟ್ಟಿ. ಬರೆಯುವುದಾದರೆ ಸಹಿ ಹಾಕಿ ಬರಿ. ಯಾಕೆ ಅಂತ ಹೇಳುತ್ತೇನೆ. ಇದನ್ನು ನಿಮ್ಮಪ್ಪನಿಗೂ ನಾನು ಹೇಳಿಲ್ಲ.

ನಾನು ಕೋರ್ಟಿನ ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಗಿತ್ತು. ಯಾವ ಊರು ಅಂತ ಬೇಡ. ಅಲ್ಲಿನ ಒಬ್ಬ ಅಧಿಕಾರಿಯ ಬಡ್ತಿ ಫೈಲು ಮೇಲೆ ಹೋಗಿತ್ತು. ಒಂದು ದಿನ ಟಪಾಲಿನಲ್ಲಿ ಒಂದು ಇನ್‌ಲ್ಯಾಂಡ್ ಲೆಟರ್ ಬಂತು. ನೇರಳೆ ಶಾಯಿ. ಎಡಗೈಯಲ್ಲಿ ಬರೆದ ಹಾಗೆ ಸೊಟ್ಟ ಅಕ್ಷರ. ಕೊನೆಯಲ್ಲಿ ‘ಒಬ್ಬ ನೊಂದ ಪ್ರಜೆ’ ಅಂತ ಅಷ್ಟೇ. ಒಳಗೆ ಹತ್ತು ಆರೋಪ. ಒಂಬತ್ತು ಬರೀ ಹೊಲಸು. ಮನೆ ವಿಷಯ, ಹೆಂಗಸರ ವಿಷಯ, ಜಾತಿ ವಿಷಯ. ಹತ್ತನೆಯದು ಮಾತ್ರ ನಿಜ. ಕಕ್ಷಿದಾರರ ಠೇವಣಿ ಹಣ ವಾಪಸು ಬರಬೇಕಾದರೆ ಕೈ ಬೆಚ್ಚಗೆ ಮಾಡಬೇಕು ಅಂತ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಠೇವಣಿ ರಿಜಿಸ್ಟರ್ ಬರೆಯುತ್ತಿದ್ದವನೇ ನಾನು. ಆದೇಶವಾಗಿ ನಾಲ್ಕು ತಿಂಗಳಾದರೂ ಹಣ ಹೋಗದ ಹದಿಮೂರು ನಮೂದುಗಳು ನನ್ನ ಕೈಬರಹದಲ್ಲೇ ಇದ್ದವು.

ಮೇಲಿನಿಂದ ಒಬ್ಬರು ವಿಚಾರಣೆಗೆ ಬಂದರು. ಅವರು ಕೇಳಿದ್ದು ಒಂದೇ. ಇದನ್ನು ಬರೆದವರು ಯಾರು? ನಮ್ಮೆಲ್ಲರ ಕೈಲಿ ಒಂದೊಂದು ಹಾಳೆ ಬರೆಸಿಕೊಂಡರು. ರಿಜಿಸ್ಟರ್ ತೆಗೆದು ನೋಡಲಿಲ್ಲ. ಕೊನೆಗೆ ಅನುಮಾನ ಒಬ್ಬ ಜವಾನನ ಮೇಲೆ ಬಿತ್ತು. ಅವನನ್ನು ಇನ್ನೂರು ಕಿಲೋಮೀಟರ್ ಆಚೆಗೆ ಎತ್ತಿಹಾಕಿದರು. ಶಾಲೆಗೆ ಹೋಗುವ ಇಬ್ಬರು ಮಕ್ಕಳಿದ್ದರು ಅವನಿಗೆ. ಅಧಿಕಾರಿಗೆ ಬಡ್ತಿ ಸಿಕ್ಕಿತು. ಆಫೀಸಿನಲ್ಲಿ ಪೇಡ ಹಂಚಿದರು. ನಾನೂ ಒಂದು ತಿಂದೆ.

ಒಂಬತ್ತು ಸುಳ್ಳಿನ ಜೊತೆ ಒಂದು ನಿಜವೂ ಕಸದ ಬುಟ್ಟಿಗೆ ಹೋಯಿತು. ಆ ಹದಿಮೂರು ನಮೂದಿನ ವಿಷಯ ಒಂದು ಬಿಳಿ ಹಾಳೆಯಲ್ಲಿ ಬರೆದು, ಕೆಳಗೆ ನನ್ನ ಸಹಿ ಹಾಕಿದ್ದರೆ ಆಗ ನೋಡಲೇಬೇಕಿತ್ತು. ನಾನು ಹಾಕಲಿಲ್ಲ. ಆ ಜವಾನನ ಮುಖ ಇವತ್ತಿಗೂ ಕಣ್ಣ ಮುಂದೆ ಬರುತ್ತದೆ.

ಈಗ ನಿನ್ನ ಮೆಸೇಜಿಗೆ ಬರೋಣ. ನೀನು ಮೂರು ವಿಷಯ ಬರೆದಿದ್ದೀಯ. ಒಂದು, ಚೆಕ್ಕಿನದು. ಎರಡು, ‘ಅವರಿಗೆ ಎಲ್ಲ ಕಡೆ ಸೆಟ್ಟಿಂಗ್ ಇದೆ ಅಂತಾರೆ’. ಮೂರು, ‘ಲೇಡಿ ಜೂನಿಯರ್ಸ್ ಜೊತೆ ಸರಿಯಾಗಿ ನಡೆದುಕೊಳ್ಳಲ್ಲ ಅಂತ ಒಬ್ಬಳು ಹೇಳಿದಳು’. ಇದರಲ್ಲಿ ನಿನ್ನ ಕಣ್ಣಾರೆ ಕಂಡದ್ದು ಮೊದಲನೆಯದು ಮಾತ್ರ. ಎರಡನೆಯದನ್ನು ಇಲ್ಲೇ ಬಿಟ್ಟುಬಿಡು. ‘ಅಂತಾರೆ’ ಅನ್ನುವುದು ಆರೋಪವೇ ಆಗುವುದಿಲ್ಲ. ಮೂರನೆಯದು ಸುಳ್ಳು ಅಂತ ನಾನು ಹೇಳುತ್ತಿಲ್ಲ. ಅದು ನಿಜವೇ ಇರಬಹುದು, ಚೆಕ್ಕಿಗಿಂತ ದೊಡ್ಡದೇ ಇರಬಹುದು. ಆದರೆ ಅದು ಆ ಹುಡುಗಿಯ ನೋವು. ಹೇಳುವುದು ಬಿಡುವುದು ಅವಳದೇ ತೀರ್ಮಾನ. ಅವಳನ್ನು ಕೇಳದೆ ಅವಳ ವಿಷಯ ನಿನ್ನ ಅರ್ಜಿಯಲ್ಲಿ ಬಂದರೆ, ಅವಳಿಗೆ ಎರಡನೇ ಸಲ ಅನ್ಯಾಯ ಮಾಡಿದ ಹಾಗೆ. ಅವಳು ತಾನೇ ಹೇಳುತ್ತೇನೆ ಅಂದರೆ ಜೊತೆಗೆ ನಿಲ್ಲು.

ಕೇಳಿದ್ದನ್ನೂ ಸೇರಿಸಿದರೆ ಅರ್ಜಿಗೆ ತೂಕ ಬರುತ್ತದೆ ಅಂತ ಅನ್ನಿಸಬಹುದು. ಹಾಗೆ ಸೇರಿಸಿದ್ದರಿಂದ ಏನಾಗುತ್ತದೆ ಅಂತ ಯೋಚಿಸು. ಹೆಸರು ಹೋಗುವ ದಾರಿ ನಿನಗೆ ಗೊತ್ತೇ ಇದೆ. ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳು, ಇಬ್ಬರು ಹಿರಿಯ ನ್ಯಾಯಮೂರ್ತಿಗಳು ಕೂತು ಹೆಸರು ಆರಿಸುತ್ತಾರೆ. ರಾಜ್ಯ ಸರ್ಕಾರದ ಅಭಿಪ್ರಾಯ ಬರುತ್ತದೆ. ದೆಹಲಿಯಲ್ಲಿ ಕಾನೂನು ಇಲಾಖೆ ಐಬಿ, ಅಂದರೆ ಕೇಂದ್ರದ ಗುಪ್ತಚರ ದಳದ ವರದಿ ತರಿಸುತ್ತದೆ. ಆಮೇಲೆ ಸುಪ್ರೀಂ ಕೋರ್ಟಿನ ಕೊಲಿಜಿಯಂ, ಅಂದರೆ ಅಲ್ಲಿನ ಹಿರಿಯ ನ್ಯಾಯಮೂರ್ತಿಗಳ ಸಮಿತಿ. ಇಷ್ಟು ಕೈ ದಾಟುವ ಫೈಲಿಗೆ ಒಂದು ದೂರು ಅಂಟಿಕೊಂಡರೆ ಸುಲಭವಾಗಿ ಬಿಡುವುದಿಲ್ಲ. ಎಲ್ಲ ನಡೆಯುವುದು ಬಾಗಿಲು ಮುಚ್ಚಿದ ಕೋಣೆಯಲ್ಲಿ. ತನ್ನ ಹೆಸರು ಯಾಕೆ ನಿಂತಿತು ಅಂತ ಎಷ್ಟೋ ಸಲ ಆ ಮನುಷ್ಯನಿಗೇ ಗೊತ್ತಾಗುವುದಿಲ್ಲ.

ನಮ್ಮ ರಾಜ್ಯದಲ್ಲೇ ಆದದ್ದು ನೋಡು. ಜಿಲ್ಲಾ ನ್ಯಾಯಾಧೀಶರಾಗಿದ್ದ ಪಿ. ಕೃಷ್ಣ ಭಟ್ ಅವರ ಹೆಸರನ್ನು ಹೈಕೋರ್ಟಿಗೆ ಶಿಫಾರಸು ಮಾಡಿದ್ದು 2016ರಲ್ಲಿ. ಒಬ್ಬ ಮಹಿಳಾ ನ್ಯಾಯಾಂಗ ಅಧಿಕಾರಿ ಅವರ ಮೇಲೆ ದೂರು ಕೊಟ್ಟಿದ್ದರು. ಅದೇ ವರ್ಷ ಇಲ್ಲಿನ ಮುಖ್ಯ ನ್ಯಾಯಮೂರ್ತಿಗಳು ವಿಚಾರಣೆ ಮಾಡಿ, ಆರೋಪದಲ್ಲಿ ಹುರುಳಿಲ್ಲ ಅಂತ ವರದಿ ಕೊಟ್ಟರು. ಅಲ್ಲಿಗೆ ಮುಗಿಯಬೇಕಿತ್ತು, ಅಲ್ವಾ? ಮುಗಿಯಲಿಲ್ಲ. ಕೇಂದ್ರ ಸರ್ಕಾರ ಅದೇ ದೂರನ್ನು ಮತ್ತೆ ನೋಡಿ ಅಂತ ನೇರವಾಗಿ ಹೈಕೋರ್ಟಿಗೇ ಬರೆಯಿತು. 2018ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಚೆಲಮೇಶ್ವರ್ ಇದನ್ನು ಆಕ್ಷೇಪಿಸಿ ಭಾರತದ ಮುಖ್ಯ ನ್ಯಾಯಮೂರ್ತಿಗಳಿಗೆ ಪತ್ರ ಬರೆದರು. ಅದು ದೇಶಕ್ಕೆಲ್ಲ ಸುದ್ದಿಯಾಯಿತು. ಕೃಷ್ಣ ಭಟ್ಟರು ಹೈಕೋರ್ಟಿಗೆ ಬಂದಿದ್ದು 2020ರಲ್ಲಿ. ಹೈಕೋರ್ಟ್ ಜಡ್ಜುಗಳಿಗೆ 62ಕ್ಕೆ ನಿವೃತ್ತಿ. ವಿಚಾರಣೆ ಮುಗಿದ ಮೇಲೂ ಒಂದು ದೂರು ನಾಲ್ಕು ವರ್ಷ ತಿಂದಿತು. ನಿನ್ನ ಅರ್ಜಿಯಲ್ಲಿ ಒಂದು ವಾಕ್ಯ ಜಾಸ್ತಿ ಬರೆಯುವ ಮೊದಲು ಆ ನಾಲ್ಕು ವರ್ಷ ನೆನಪಿಟ್ಟುಕೋ.

ಹಾಗಂತ ಸುಮ್ನೆ ಇರು ಅಂತ ನಾನು ಹೇಳುತ್ತಿಲ್ಲ. ‘ವಕೀಲರಾಗಿದ್ದಾಗಿನ ವಿಷಯ, ಜಡ್ಜ್ ಆದ ಮೇಲೆ ಸರಿಹೋಗುತ್ತಾರೆ’ ಅಂತ ನಿನ್ನ ಫ್ರೆಂಡ್ ಹೇಳಿದ್ದಾನೆ ಅಂದೆ. ಅವನಿಗೆ ಸೌಮಿತ್ರ ಸೇನ್ ಕಥೆ ಹೇಳು. ಕಲ್ಕತ್ತಾದಲ್ಲಿ ವಕೀಲರು. ಒಂದು ವ್ಯಾಜ್ಯದಲ್ಲಿ ಹೈಕೋರ್ಟು ಅವರನ್ನು ರಿಸೀವರ್, ಅಂದರೆ ವ್ಯಾಜ್ಯದ ಸರಕನ್ನು ಕೋರ್ಟಿನ ಪರವಾಗಿ ನೋಡಿಕೊಳ್ಳುವವರನ್ನಾಗಿ ಮಾಡಿತ್ತು. ಇಟ್ಟಿಗೆ ಮಾರಿ ಬಂದ 33 ಲಕ್ಷ ಚಿಲ್ಲರೆ ರೂಪಾಯಿಯನ್ನು 1993ರಲ್ಲಿ ತಮ್ಮ ಹೆಸರಿನ ಖಾತೆಗೆ ಹಾಕಿಕೊಂಡರು. ಲೆಕ್ಕ ಕೊಡಲಿಲ್ಲ. 2003ರಲ್ಲಿ ಅದೇ ಹೈಕೋರ್ಟಿನ ಜಡ್ಜ್ ಆದರು. ಹೆಸರು ಆರಿಸುವಾಗ ಆ ಹಣದ ಲೆಕ್ಕ ಎಲ್ಲಿ ಅಂತ ಕೇಳಿದ್ದರೆ ಬಹುಶಃ ಆ ನೇಮಕವೇ ಆಗುತ್ತಿರಲಿಲ್ಲ. ಕೋರ್ಟು ಆದೇಶ ಮಾಡಿದ ಮೇಲೆ ಹಣ ಕಟ್ಟಿದರು. 2011ರ ಆಗಸ್ಟಿನಲ್ಲಿ ರಾಜ್ಯಸಭೆ ಅವರನ್ನು ತೆಗೆಯಬೇಕು ಅಂತ ಭಾರಿ ಬಹುಮತದಿಂದ ಒಪ್ಪಿತು. ಲೋಕಸಭೆಗೆ ಹೋಗುವ ಮೊದಲೇ ರಾಜೀನಾಮೆ ಕೊಟ್ಟರು. ಆ ಕುರ್ಚಿಯ ಎದುರು ಕೈ ಕಟ್ಟಿ ನಿಂತ ಕಕ್ಷಿದಾರರ ಬಗ್ಗೆ ಯೋಚಿಸು.

ಜಡ್ಜ್ ಆದವರನ್ನು ಇಳಿಸುವುದು ಅಷ್ಟು ಕಷ್ಟ. ಅದಕ್ಕೇ ಏರುವ ಮೊದಲು ನೋಡಬೇಕು. 2009ರಲ್ಲಿ ನಮ್ಮ ಹೈಕೋರ್ಟಿನಲ್ಲಿ ಏನಾಯಿತು ಅಂತ ನಿನಗೆ ನೆನಪಿರಲಿಕ್ಕಿಲ್ಲ, ಆಗ ನೀನು ಸ್ಕೂಲಿನಲ್ಲಿದ್ದೆ. ಮುಖ್ಯ ನ್ಯಾಯಮೂರ್ತಿ ಪಿ.ಡಿ. ದಿನಕರನ್ ಹೆಸರು ಸುಪ್ರೀಂ ಕೋರ್ಟಿಗೆ ಹೋಗಿತ್ತು. ತಮಿಳುನಾಡಿನಲ್ಲಿ ಜಮೀನು ಒತ್ತುವರಿ ಮಾಡಿದ್ದಾರೆ ಅಂತ ಆರೋಪ ಬಂತು. ಅವರು ಇಲ್ಲ ಅಂದರು. ಬಡ್ತಿ ನಿಂತಿತು, ಆದರೆ ಅವರು ಇಲ್ಲೇ ಮುಂದುವರಿದರು. ಸುಪ್ರೀಂ ಕೋರ್ಟಿಗೆ ಬೇಡವಾದವರು ಕರ್ನಾಟಕಕ್ಕೆ ಆಗುತ್ತಾರಾ ಅಂತ ಬೆಂಗಳೂರಿನ ವಕೀಲರು ಕೆಲಸ ಬಿಟ್ಟು ಕೂತರು. ಕಬ್ಬನ್ ಪಾರ್ಕ್ ಕಡೆಯ ಆ ಕೆಂಪು ಕಟ್ಟಡದಲ್ಲಿ ಗದ್ದಲ ನಡೆಯಿತು. ಆಮೇಲೆ ಅವರು ಸಿಕ್ಕಿಂಗೆ ಹೋದರು, ವಿಚಾರಣೆ ಮುಗಿಯುವ ಮೊದಲೇ 2011ರಲ್ಲಿ ರಾಜೀನಾಮೆ ಕೊಟ್ಟರು. ಆರೋಪ ನಿಜವೋ ಸುಳ್ಳೋ ತೀರ್ಮಾನವೇ ಆಗಲಿಲ್ಲ. ನನಗೆ ಇದು ಎಲ್ಲಕ್ಕಿಂತ ಕೆಟ್ಟದ್ದು ಅನ್ನಿಸುತ್ತದೆ. ಹೇಳಿದವರಿಗೂ ನ್ಯಾಯವಿಲ್ಲ, ಹೇಳಿಸಿಕೊಂಡವರಿಗೂ ಇಲ್ಲ. ನ್ಯಾಯಾಧೀಶರು ಹೇಗಿರಬೇಕು ಅಂತ ಹೇಳುವ ಜಗತ್ತಿನ ನಿಯಮಗಳಿಗೆ ‘ಬೆಂಗಳೂರು ತತ್ವಗಳು’ ಅಂತಲೇ ಹೆಸರು. 2001ರಲ್ಲಿ ಕರಡು ಒಪ್ಪಿಗೆಯಾಗಿದ್ದು ಈ ಊರಿನಲ್ಲೇ. ಅದನ್ನು ನೆನೆಸಿಕೊಂಡರೆ 2009 ಇನ್ನೂ ಚುಚ್ಚುತ್ತದೆ.

ನಿನಗೆ ಏನಾಗುತ್ತದೆ ಅನ್ನುವುದನ್ನೂ ಹೇಳಬೇಕು. ನಿನಗೆ ಧೈರ್ಯ ತುಂಬಲು ಸುಳ್ಳು ಹೇಳುವುದಿಲ್ಲ. ಅಮೆರಿಕದಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಹೋಗಿದ್ದವರ ಮೇಲೆ ಲೈಂಗಿಕ ದುರ್ವರ್ತನೆಯ ಆರೋಪ ಮಾಡಿದ 1991ರ ಅನಿತಾ ಹಿಲ್, 2018ರ ಕ್ರಿಸ್ಟೀನ್ ಬ್ಲೇಸಿ ಫೋರ್ಡ್, ಇಬ್ಬರೂ ಮೊದಲು ಗುಟ್ಟಾಗಿಯೇ ತಮ್ಮ ಮಾತು ತಿಳಿಸಿದ್ದರು. ಇಬ್ಬರ ವಿಷಯವೂ ಬಯಲಾಯಿತು. ಟಿವಿ ಮುಂದೆ ಕೂತು ಉತ್ತರ ಹೇಳಬೇಕಾಯಿತು. ಆರೋಪ ಹೊತ್ತ ಕ್ಲಾರೆನ್ಸ್ ಥಾಮಸ್, ಬ್ರೆಟ್ ಕ್ಯಾವನಾ ಇಬ್ಬರೂ ಅದನ್ನು ನಿರಾಕರಿಸಿದರು. ಒಬ್ಬರು 52–48, ಇನ್ನೊಬ್ಬರು 50–48 ಮತದಲ್ಲಿ ಸುಪ್ರೀಂ ಕೋರ್ಟ್ ಸೇರಿದರು. ದೂರು ಕೊಟ್ಟರೆ ನೇಮಕ ನಿಲ್ಲುತ್ತದೆ ಅಂತ ಲೆಕ್ಕ ಹಾಕಿಕೊಂಡು ಹೊರಡಬೇಡ. ಗುಟ್ಟಾಗಿ ಉಳಿಯುತ್ತದೆ ಅಂತಲೂ ನಂಬಬೇಡ. ಸಿಟಿ ಸಿವಿಲ್ ಕೋರ್ಟಿನ ಕಾರಿಡಾರಿನಲ್ಲಿ ಕೆಲವರು ನಿನ್ನ ಕಡೆ ನೋಡುವುದನ್ನು ಬಿಡುತ್ತಾರೆ. ಎರಡು ಕಡೆಯಿಂದ ಬರುತ್ತಿದ್ದ ಕೇಸು ಬರದೇ ಹೋಗಬಹುದು. ನಮ್ಮ ಮನೆಯಲ್ಲೇ ಒಬ್ಬರಿಬ್ಬರು ‘ನಿನಗ್ಯಾಕೆ ಬೇಕಿತ್ತು’ ಅಂತಾರೆ. ನಾನು ಅನ್ನುವುದಿಲ್ಲ.

‘ಇಷ್ಟು ದಿನ ಎಲ್ಲಿದ್ದೆ?’ ಅಂತ ಮೊದಲು ಕೇಳುತ್ತಾರೆ. ಆ ಉತ್ತರವನ್ನು ಅರ್ಜಿಯಲ್ಲೇ ಬರಿ. ಆಗ ಎರಡನೇ ವರ್ಷದ ಜೂನಿಯರ್, ತಿಂಗಳಿಗೆ ಎಂಟು ಸಾವಿರ, ಹೆದರಿಕೆ ಇತ್ತು ಅಂತ. ಚೆಕ್ ಬುಕ್ ಹಿಡಿದುಕೊಂಡಿದ್ದು ನಾನೇ ಅಂತಲೂ ಬರಿ. ಅದನ್ನು ಬಿಟ್ಟರೆ ನಾಳೆ ಅವರ ಕಡೆಯವರು ಅದನ್ನೇ ಎತ್ತುತ್ತಾರೆ, ಆಗ ನಿನ್ನ ಉಳಿದ ಮಾತೂ ಹೋಗುತ್ತದೆ. ಒಂದೂವರೆ ಪುಟ ಸಾಕು. ತಾರೀಖು ಗೊತ್ತಿದ್ದರೆ ಹಾಕು, ಇಲ್ಲದಿದ್ದರೆ ‘ಆ ವರ್ಷದ ಮಳೆಗಾಲ’ ಅಂತ ಬರಿ, ಊಹಿಸಿ ಹಾಕಬೇಡ. ‘ವಂಚನೆ’, ‘ದ್ರೋಹ’ ಅನ್ನುವ ಪದ ಬೇಡ. ಖಾಲಿ ಚೆಕ್ಕು ಅಂತ ಬರೆದರೆ ಓದುವವರಿಗೆ ಅರ್ಥವಾಗುತ್ತದೆ. ಅಫಿಡವಿಟ್ ಜೊತೆಗೆ ಹೈಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಕಳಿಸು. ಪೇಪರಿನವರಿಗೆ ಬೇಡ, ವಾಟ್ಸಾಪ್ ಗ್ರೂಪಿಗೆ ಬೇಡವೇ ಬೇಡ.

ಆದರೆ ಇದೆಲ್ಲಕ್ಕೂ ಮೊದಲು ಒಂದು ಕೆಲಸ ಇದೆ. ನಿನ್ನ ಇಡೀ ಮೆಸೇಜಿನಲ್ಲಿ ನಾನು ಹುಡುಕಿದ್ದು ಒಂದೇ, ಅದು ಸಿಗಲಿಲ್ಲ. ಆ ತಾಯಿಗೆ ದುಡ್ಡು ಬಂತಾ? ಪೂರ್ತಿ ಬಂತಾ, ಅರ್ಧ ಬಂತಾ, ಬರಲೇ ಇಲ್ವಾ? ಆಕೆ ಮೆಟ್ಟಿಲ ಮೇಲೆ ಕೂರುವುದನ್ನು ನಿಲ್ಲಿಸಿದ್ದು ದುಡ್ಡು ಸಿಕ್ಕಿದ್ದಕ್ಕೋ, ಬೇಸತ್ತೋ? ನೀನು ಜಡ್ಜ್ ಹುದ್ದೆಯ ಬಗ್ಗೆ ನಾಲ್ಕು ಪ್ಯಾರಾ ಬರೆದಿದ್ದೀಯ, ಆಕೆಯ ಬಗ್ಗೆ ಎರಡು ಸಾಲು. ಬಯ್ಯುತ್ತಿಲ್ಲ. ಆದರೆ ದೂರು ಮೊದಲು ಆಕೆಯದು, ಆಮೇಲೆ ನಿನ್ನದು. ದುಡ್ಡು ಪೂರ್ತಿ ಸಿಕ್ಕಿದ್ದರೆ ನೀನು ಬರೆಯುವುದರ ತೂಕವೇ ಬೇರೆ. ಸಿಗದಿದ್ದರೆ ಹೈಕೋರ್ಟಿಗಿಂತ ಮೊದಲು ಆಕೆ ಸ್ಟೇಟ್ ಬಾರ್ ಕೌನ್ಸಿಲ್‌ಗೆ ದೂರು ಕೊಡಬಹುದು. ಅದಕ್ಕೆ ನೇಮಕದ ಗಡಿಬಿಡಿ ಇಲ್ಲ, ವಕೀಲರ ನಡತೆಯನ್ನು ಪ್ರಶ್ನಿಸುವುದಕ್ಕೆ ಅದೊಂದು ದಾರಿ. ಇನ್ನೊಂದು, ನೀನು ಆಕೆಯ ಕೇಸಿನಲ್ಲಿ ಕೆಲಸ ಮಾಡಿದ ವಕೀಲೆ. ಕಕ್ಷಿದಾರರ ಒಪ್ಪಿಗೆ ಇಲ್ಲದೆ ಅವರ ವಿಷಯ ಹೊರಗೆ ಆಡುವ ಹಾಗಿಲ್ಲ ಅಂತ ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಆಕೆ ಬೇಡ ಅಂದರೆ ಏನು ಮಾಡುವುದು ಅಂತ ಆಮೇಲೆ ಕೂತು ಯೋಚಿಸೋಣ.

ಈ ಭಾನುವಾರ ಇಟ್ಟುಕೋ. ನಿನ್ನ ಹಳೆಯ ಕೇಸ್ ಡೈರಿಯಲ್ಲಿ ಊರಿನ ಹೆಸರು ಇದ್ದೇ ಇರುತ್ತದೆ, ಹುಡುಕಿ ಇಡು. ಬೆಳಿಗ್ಗೆ ಏಳಕ್ಕೆ ಮೆಜೆಸ್ಟಿಕ್‌ಗೆ ಬಾ, ಮಾಗಡಿ ಬಸ್ಸು ಹಿಡಿಯೋಣ. ನಾನೂ ಬರುತ್ತೇನೆ. ಕರಿ ಕೋಟು, ಬ್ಯಾಂಡು ಏನೂ ಬೇಡ, ಮನೆಯಲ್ಲಿ ಇರುವ ಹಾಗೇ ಬಾ. ದೊಡ್ಡಮ್ಮ ಚಪಾತಿ ಪಲ್ಯ ಕಟ್ಟಿಕೊಡುತ್ತಾಳಂತೆ.

ಇಂತಿ ನಿನ್ನ
ದೊಡ್ಡಪ್ಪ